ವೇದಿಕೆಯ ಬಲಮೂಲೆ

ವಾರದ ರಜೆಯಾದ ಶುಕ್ರವಾರ, ಚರ್ಚಿನ ಬೆಳಗಿನ ಪೂಜೆಯಲ್ಲಿ, ಅಕ್ಕಪಕ್ಕದವರಿಗೆ ಶಾಂತಿ ಕೋರಿ ಕೈಕುಲುಕುವ ಹೊತ್ತಿಗೆ, ಲಿಗೋರಿಗೆ ತನ್ನ ಬಲಗೈಯ ಮೇಲೆ ಸಂಶಯ ಹುಟ್ಟಿತು. ಹಿಂದಿನ ಬೆಂಚಿನ ಫಿಲಿಪಿನೋ ತರುಣ ಹಬ್ಬದ ಹುರುಪಿನಲ್ಲಿದ್ದವನಂತೆ ಅವನ ಕೈಯನ್ನು ಗಟ್ಟಿಯಾಗಿ ಒತ್ತಿದ್ದ. ನಡುಬೆರಳಿನ ಬುಡದಲ್ಲಿ ಚಳುಕು ಎದ್ದು ಮೊಣಕೈವರೆಗೆ ಓಡಿತು. ಲಿಗೋರಿ ನಗುತ್ತಲೇ ಕೈ ಬಿಡಿಸಿಕೊಂಡು, ಪ್ಯಾಂಟಿನ ಬದಿಗೆ ಮರೆಮಾಡಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದ. ಉಂಗುರದ ಬೆರಳು ಉಳಿದವಕ್ಕಿಂತ ಚೂರು ತಡವಾಗಿ ಬರುತ್ತಿತ್ತು. ಇವತ್ತೇ ಆಗಬೇಕಿತ್ತೇ ಇದು ಎಂದು ಮೊದಲು ಅನ್ನಿಸಿತು. ಇವತ್ತಾದರೆ ಏನಂತೆ, ಇವತ್ತು ಈ ಕೈಯಿಂದ ಸದ್ದು ಹೊರಡಬೇಕಾಗಿಯೇ ಇಲ್ಲವಲ್ಲ ಎಂದು ಆಮೇಲೆ ಅನ್ನಿಸಿತು. ಈ ಎರಡನೆಯ ಯೋಚನೆ ಪರಮಪ್ರಸಾದದ ಸಾಲಿನಲ್ಲಿ ನಿಂತಾಗಲೂ ಅವನನ್ನು ಬಿಡಲಿಲ್ಲ. ಅವನ ಮುಂದೆ ಹೆಂಡತಿ ಕಾರ್ಮೆಲ್, ರಾತ್ರಿಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದವಳು, ನಿಂತಲ್ಲೇ ತೂಕಡಿಸುತ್ತಿದ್ದಳು. ಹಿಂದೆ ಮಗಳು ಶೆರಿಲ್. ಅವಳು ಅವನ ಬೆನ್ನಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ, “ಡ್ಯಾಡಾ, ಆರ್ ಯು ನರ್ವಸ್?” ಎಂದು ಪಿಸುಗುಟ್ಟಿದಳು. ಅವನು ತಿರುಗದೆ ತಲೆಯಾಡಿಸಿದ. ಹೌದೆಂದು ಆಡಿಸಿದೆನೋ ಅಲ್ಲವೆಂದೋ ಅವನಿಗೇ ತಿಳಿಯಲಿಲ್ಲ.

ಕೆಲವು ದಿನಗಳ ಹಿಂದೆ ಜೆರೋಮ್ ಫೋನು ಮಾಡಿದಾಗ ಅವನು ಶುವೈಖ್‌ನ ಗೋದಾಮಿನಲ್ಲಿದ್ದ. ಏಸಿ ಕಂಪ್ರೆಸರುಗಳ ಪೆಟ್ಟಿಗೆಗಳನ್ನು ಇಳಿಸಿಕೊಂಡು, ಯಾವುದು ಎಲ್ಲಿಗೆ ಎಂದು ನೋಡಿ ಅಟ್ಟಿ ಕಟ್ಟಿಸುವುದು ಅಲ್ಲಿ ಅವನ ಕೆಲಸ. ಕೈ ಖಾಲಿಯಿದ್ದಾಗ ಬೆರಳುಗಳು ರಟ್ಟಿನ ಪೆಟ್ಟಿಗೆಯ ಮೇಲೆ ತಾವಾಗಿ ಕುಣಿಯುತ್ತಿದ್ದವು. ಈಜಿಪ್ಟಿನ ಫೋರ್‌ಮನ್ ದೂರದಿಂದಲೇ “ಖಲಾಸ್, ಖಲಾಸ್”, ಸಾಕು ಸಾಕು, ಎನ್ನುತ್ತಿದ್ದ. ಊರಿನವರ ಸಂಘದ ಕಾರ್ಯದರ್ಶಿಯಾಗಿದ್ದ ಜೆರೋಮ್ ಬಹಳ ವಿನಯದ ಹುಡುಗ. “ಅಂಕಲ್, ಊರಿಂದ ಪಾಯಸ್ ಬರ್ತಾ ಇದ್ದಾನೆ, ಸಿಂಗರ್. ಮ್ಯೂಸಿಕ್ ಎಲ್ಲ ಲ್ಯಾಪ್‌ಟಾಪಲ್ಲಿ ತರ್ತಾನಂತೆ. ಬ್ಯಾಂಡ್ ಇಲ್ಲ. ಆದ್ರೆ ಸ್ಟೇಜ್ ಖಾಲಿ ಖಾಲಿ ಕಾಣ್ತದಲ್ವಾ? ನಿಮ್ಮ ಕಾಂಗೊ ಡ್ರಮ್ ಉಂಟಲ್ಲ, ಅದನ್ನು ತಂದು ನೀವು ಸುಮ್ಮನೆ ಕೂತ್ರೆ ಸಾಕು.” ಸುಮ್ಮನೆ ಅಂದರೆ ಎಂದು ಲಿಗೋರಿ ಕೇಳಿದ. “ನುಡಿಸಿದ ಹಾಗೆ ಅಂಕಲ್. ಆ್ಯಕ್ಷನ್. ಜನರಿಗೆ ಗೊತ್ತಾಗ್ಲಿಕ್ಕಿಲ್ಲ.” ಆಗುವುದಿಲ್ಲ ಎಂಬ ಮಾತು ಲಿಗೋರಿಯ ಬಾಯಿಯವರೆಗೆ ಬಂದಿತ್ತು. ಹೊರಗೆ ಬಿದ್ದದ್ದು “ನೋಡುವಾ” ಎಂಬ ಮಾತು. ಸಂಜೆ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರಿಗೂ ಹೇಳದವನಂತೆ, “ಶುಕ್ರವಾರ ಪಾಯಸ್‌ಗೆ ನುಡಿಸ್ಲಿಕ್ಕುಂಟು” ಎಂದ. ಶೆರಿಲ್ ಕಿವಿಯಿಂದ ಹೆಡ್‌ಫೋನು ತೆಗೆದಳು. ಅವನು ಹೇಳಿದ್ದನ್ನು ಕೇಳಲು ಅವಳು ಹೆಡ್‌ಫೋನು ತೆಗೆದದ್ದನ್ನು ಅವನು ಬಹಳ ಕಾಲದಿಂದ ಕಂಡಿರಲಿಲ್ಲ.

ಅವಳು ಇನ್ನು ಸ್ವಲ್ಪ ದಿನಕ್ಕೆ ಕಾಲೇಜು ಓದಲು ಮಂಗಳೂರಿಗೆ ಹೋಗುವವಳು. ಅಪ್ಪ ನುಡಿಸುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಅವಳಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವನು ಅಂಗೈಯಿಂದ ಬಾರಿಸುತ್ತಿದ್ದ ಸೊಂಟದೆತ್ತರದ ಎರಡು ಕಾಂಗೊಗಳು ಹಳೆಯ ಬೆಡ್‌ಶೀಟು ಹೊದ್ದು ಬಾಲ್ಕನಿಯ ಮೂಲೆ ಸೇರಿದ್ದವು. ಒಂದರ ಮೇಲೆ ಕಾರ್ಮೆಲ್ ಮನಿಪ್ಲಾಂಟಿನ ಕುಂಡ ಇಟ್ಟಿದ್ದಳು. ಶಾಲೆಯಲ್ಲಿ ಒಮ್ಮೆ ಅವಳು, ನಮ್ಮ ಡ್ಯಾಡಾ ಬೊಂಬಾಯಿಯ ರೆಕಾರ್ಡಿಂಗುಗಳಲ್ಲಿ ನುಡಿಸಿದವರು ಎಂದು ಹೇಳಿಕೊಂಡಾಗ ಗೆಳತಿಯರೆಲ್ಲ ಸೇರಿ ಅವನ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದ್ದರಂತೆ. ಏನೂ ಸಿಕ್ಕಿರಲಿಲ್ಲ. ಮನೆಗೆ ಬಂದು ಆ ಸಂಗತಿಯನ್ನು ಅವಳು ದೂರಿನಂತೆ ಹೇಳಲಿಲ್ಲ, ಸುಮ್ಮನೆ ಹೇಳಿದಳು. ನಿಮ್ಮ ಹೆಸರಿಗೆ ಒಬ್ಬ ಸಂತನೂ ಒಂದು ಔಷಧಿ ಅಂಗಡಿಯೂ ಸಿಕ್ಕಿತು ಎಂದು ನಕ್ಕಳು. ಲಿಗೋರಿಯೂ ನಕ್ಕಿದ್ದ. ಕ್ಯಾಸೆಟ್ಟಿನ ಮೇಲೆ ಹಾಡಿದವನ ಹೆಸರಿರುತ್ತದೆ, ಬರೆದವನದು, ರಾಗ ಹಾಕಿದವನದು ಇರುತ್ತದೆ; ಉಳಿದವರಿಗೆಲ್ಲ ಸೇರಿ ‘ಮತ್ತು ಸಂಗಡಿಗರು’ ಎಂಬ ಒಂದೇ ಸಾಲು. ಇದನ್ನು ಅವಳಿಗೆ ಹೇಳಬೇಕೆಂದುಕೊಂಡ. ಹೇಳಿದರೆ ನೆಪದಂತೆ ಕೇಳಿಸೀತೆಂದು ಹೇಳಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಕಾಂಗೊಗಳನ್ನು ಸ್ನಾನದ ಟವೆಲುಗಳಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಒಬ್ಬನೇ ಮೊದಲು ಹೊರಟ. ಉಳಿದವರು ಟ್ಯಾಕ್ಸಿಯಲ್ಲಿ ಬರುವುದೆಂದಾಗಿತ್ತು. ಬೆಳಗಿನಿಂದ ಧೂಳು ಎದ್ದಿತ್ತು. ಫರ್ವಾನಿಯಾದ ಕಟ್ಟಡಗಳೆಲ್ಲ ಚಹಾದ ಬಣ್ಣದಲ್ಲಿ ಮುಳುಗಿ, ಸೂರ್ಯ ಮಾಸಿದ ಗುಂಡಿಯಂತೆ ಕಾಣುತ್ತಿದ್ದ. ಹೀಗೊಂದು ಧೂಳಿನ ದಿನವೇ ಅಲ್ಲವೇ ಅವನು ಈ ದೇಶಕ್ಕೆ ಬಂದಿಳಿದದ್ದು. ಕೊಲ್ಲಿ ಯುದ್ಧ ಮುಗಿದ ಮರುವರ್ಷ. ಬೊಂಬಾಯಿಯಿಂದ ಹೊರಟ ಸಂಗೀತ ತಂಡ ಮಸ್ಕತ್, ದೋಹಾ, ಬಹರೈನು ಮುಗಿಸಿ ಇಲ್ಲಿಗೆ ಬಂದಿತ್ತು. ಪ್ರವಾಸವೆಂದರೆ ಊರು ನೋಡುವುದು ಎಂದುಕೊಂಡವರಿಗೆ ಏನು ಗೊತ್ತು. ಅವನು ನೋಡಿದ್ದು ಸಭಾಂಗಣಗಳ ಹಿಂಬಾಗಿಲು, ಹಾಡುವವರ ಬೆನ್ನು. ಒಬ್ಬೊಬ್ಬ ಗಾಯಕನನ್ನೂ ಅವನು ಬೆನ್ನಿನಿಂದಲೇ ಗುರುತಿಸಬಲ್ಲವನಾಗಿದ್ದ, ಯಾರು ಯಾವ ಸ್ವರಕ್ಕೆ ಭುಜ ಏರಿಸುತ್ತಾರೆ, ಯಾರ ಅಂಗಿ ಮೊದಲು ಬೆವರುತ್ತದೆ ಎಂದು. ಸಮುದ್ರದ ಬದಿಯ ಹೋಟೆಲೊಂದರ ಮ್ಯಾನೇಜರ್ ತಂಡದಿಂದ ಐದು ಜನರನ್ನು ಇಲ್ಲೇ ಉಳಿಸಿಕೊಂಡ. ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಆ ಮ್ಯಾನೇಜರನೇ ಒಬ್ಬ ಫಿಲಿಪಿನೋ ಹೆಂಗಸನ್ನೂ ಅವಳ ಕೀಬೋರ್ಡನ್ನೂ ಕರೆತಂದ. ತಾಳಗಳೆಲ್ಲ ಅದರೊಳಗೇ ಇದ್ದವು. ಒಳ್ಳೆಯ ಹೆಂಗಸು ಆಕೆ. ಬ್ಯಾಂಡಿನವರು ಸಾಮಾನು ಕಟ್ಟುತ್ತಿದ್ದಾಗ ಅವನ ಬಳಿ ಬಂದು, ಇದರಲ್ಲಿ ಕಾಂಗೊ ಸದ್ದಿನ ಗುಂಡಿಗಳು ಮೂರು ಇವೆ, ಯಾವುದು ನಿಜವಾದದ್ದಕ್ಕೆ ಹತ್ತಿರ ಹೇಳುತ್ತೀರಾ ಎಂದು ಕೇಳಿದಳು. ಅವನು ತಲೆ ಬಗ್ಗಿಸಿ ಮೂರನ್ನೂ ಗಮನವಿಟ್ಟು ಕೇಳಿ, ನಡುವಿನದು ಎಂದು ಬೆರಳಿಟ್ಟು ತೋರಿಸಿದ್ದ. ಅಷ್ಟು ಗಮನವಿಟ್ಟು ಯಾಕೆ ಕೇಳಿದೆ ಎಂದು ಈಗಲೂ ಸಿಗ್ನಲುಗಳಲ್ಲಿ ಕಾರು ನಿಂತಾಗ ಯೋಚಿಸುತ್ತಾನೆ. ಬ್ಯಾಂಡಿನ ಉಳಿದವರು ಚದುರಿಹೋದರು. ಅವನನ್ನು ಇಲ್ಲಿ ಉಳಿಸಿದ್ದು ಕಾರ್ಮೆಲಳ ಆಸ್ಪತ್ರೆಯ ಕೆಲಸ. ಆಮೇಲೆ ಕಟ್ಟಡದ ಕಾವಲುಗಾರನಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಎಲ್ಲರಿಗೂ ಅವನು ಕಾರ್ಮೆಲ್ ಸಿಸ್ಟರಿನ ಗಂಡ.

ಅಬ್ಬಾಸಿಯಾದ ಶಾಲೆಯ ಸಭಾಂಗಣದಲ್ಲಿ ಹಸೈನಾರ್ ಆಗಲೇ ಸ್ಪೀಕರು ನಿಲ್ಲಿಸಿ, ವಯರುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಉಪ್ಪಿನಂಗಡಿ ಕಡೆಯ ಬ್ಯಾರಿ; ಹವಲ್ಲಿಯಲ್ಲಿ ಆಂಪ್ಲಿಫೈಯರ್ ರಿಪೇರಿಯ ಅಂಗಡಿ ಇಟ್ಟವನು, ಸಂಘಗಳ ಕಾರ್ಯಕ್ರಮಗಳಿಗೆಲ್ಲ ಸೌಂಡು ಅವನದೇ. ಹೋಟೆಲಿನ ದಿನಗಳಿಂದ ಪರಿಚಯ; ಊರಲ್ಲಿ ಕ್ರಿಸ್ತುವರನ್ನು ಕರೆಯುವಂತೆ ಲಿಗೋರಿಯನ್ನು ಅವನು ಪೊರ್ಬುಗಳೇ ಎನ್ನುತ್ತಿದ್ದ. ಲಿಗೋರಿ ಕಾಂಗೊಗಳನ್ನು ವೇದಿಕೆಯ ಬಲಮೂಲೆಯಲ್ಲಿ ನಿಲ್ಲಿಸಿ, ಚರ್ಮದ ಅಂಚಿನ ನಟ್ಟುಗಳನ್ನು ಸ್ಪ್ಯಾನರಿನಿಂದ ಒಂದೊಂದೇ ಬಿಗಿ ಮಾಡತೊಡಗಿದ. ಅಗತ್ಯವಿರಲಿಲ್ಲ, ಆದರೂ ಮಾಡಿದ. ಒಮ್ಮೆ ಅಂಗೈಯಿಂದ ತಟ್ಟಿದ. ಖಾಲಿ ಸಭಾಂಗಣದ ಕೊನೆಯವರೆಗೆ ಹೋಗಿ ಮುಟ್ಟಿ ಸದ್ದು ಹಿಂದಿರುಗಿತು. ಹಸೈನಾರ್ ತಲೆ ಎತ್ತಿ ನಕ್ಕ. ಆಮೇಲೆ, ಒಳಗಿನಿಂದ ಯಾರೋ ಕರೆದದ್ದಕ್ಕೆ ಎದ್ದುಹೋಗಿ ಬಂದವನು ನಗಲಿಲ್ಲ.

“ಪೊರ್ಬುಗಳೇ, ಒಂದು ಮಾತು. ನೀವು ಬೇಜಾರು ಮಾಡ್ಬಾರ್ದು.”

“ಎಂತ ಬ್ಯಾರಿಗಳೇ?”

“ಪಾಯಸ್‌ನ ಲ್ಯಾಪ್‌ಟಾಪಿನವ ಹೇಳ್ತಾನೆ, ಕೈ ತಾಗಿದ್ರೆ ಸೌಂಡು ಹಾಡುವವನ ಮೈಕಿಗೆ ಬರ್ತದಂತೆ. ಒಳಗೆ ಬಟ್ಟೆ ತುಂಬ್ಲಿಕ್ಕೆ ಹೇಳಿದ.” ಹಸೈನಾರ್ ಸ್ವಲ್ಪ ಹೊತ್ತು ವಯರನ್ನು ಕೈಗೆ ಸುತ್ತಿಕೊಂಡ. “ನಾನು ಬೇಕಾದ್ರೆ ಇಲ್ಲ ಹೇಳ್ತೇನೆ.”

“ಬೇಡ. ಅವನದ್ದು ಪ್ರೋಗ್ರಾಮ್ ಅಲ್ವಾ,” ಎಂದ ಲಿಗೋರಿ. ಕಾಂಗೊಗಳನ್ನು ಅಡ್ಡ ಮಲಗಿಸಿ, ಸುತ್ತಿ ತಂದಿದ್ದ ಟವೆಲುಗಳನ್ನೇ ಕೆಳಗಿನ ಬಾಯಿಂದ ಒಳಗೆ ತುರುಕಿದ. ಬೊಂಬಾಯಿಯ ಸ್ಟುಡಿಯೋಗಳಲ್ಲಿ ಈ ವಾದ್ಯವನ್ನು ತುಂಬಾ ಎಂದು ಕರೆಯುತ್ತಿದ್ದರು. ಹಿಂದೊಮ್ಮೆ ಕನ್ನಡದ ಸಮಾರಂಭದಲ್ಲಿ ಯಾರೋ ಹಿರಿಯರು ನೀವು ಏನು ನುಡಿಸ್ತೀರಿ ಎಂದು ಕೇಳಿದ್ದಕ್ಕೆ ಅವನು “ತುಂಬಾ” ಎಂದುಬಿಟ್ಟಿದ್ದ; ಅವರು “ಸಂತೋಷ, ಆದರೆ ಏನೇನು?” ಎಂದು ಮತ್ತೆ ಕೇಳಿದ್ದರು. ಟವೆಲು ಒತ್ತುತ್ತ ಅದು ನೆನಪಾಯಿತು. ಹಸೈನಾರನಿಗೆ ಹೇಳಿದರೆ ನಕ್ಕಾನು ಅನ್ನಿಸಿ ತಿರುಗಿದಾಗ ಅವನು ದೂರದಲ್ಲಿ ಬೆನ್ನು ಮಾಡಿ ನಿಂತಿದ್ದ.

ಮೂರು ಗಂಟೆಗೆ ಪರದೆ ಸರಿಯಿತು. ಮಿರುಗುವ ಕೋಟು ತೊಟ್ಟ ಪಾಯಸ್ ಕೈಬೀಸುತ್ತ ಬಂದ. ಬಾಲ್ಯದಿಂದ ಹೀಗೆಯೇ ಕೈಬೀಸುತ್ತ ಬೆಳೆದವನಂತಿದ್ದ. ಮೊದಲ ಹಾಡಿಗೆ ಲಿಗೋರಿಯ ಕೈಗಳು ಗಾಬರಿಪಟ್ಟವು. ಚರ್ಮಕ್ಕಿಂತ ಕೂದಲೆಳೆಯಷ್ಟು ಮೇಲೆ ಕೈ ತಡೆದು ನಿಲ್ಲಿಸುವುದು ಹೊಡೆಯುವುದಕ್ಕಿಂತ ಕಷ್ಟ. ಎರಡನೆಯ ಹಾಡಿಗೆ ಅವು ಕಲಿತುಬಿಟ್ಟವು. ಮೂರನೆಯದರಲ್ಲಿ ಒಂದು ವಿಚಿತ್ರ ನಡೆಯಿತು: ಅವನಿಗೆ ಖುಷಿಯಾಗತೊಡಗಿತು. ಬೆರಳು ನೋಯುತ್ತಿರಲಿಲ್ಲ. ಭುಜ, ಕತ್ತು, ಸೊಂಟ ಎಲ್ಲವೂ ಹಳೆಯ ದಿನಗಳಂತೆ ಸಡಿಲಾಗಿ ತೂಗುತ್ತಿದ್ದವು. ಅವನು ಎಂದೂ ನುಡಿಸಿರದಷ್ಟು ಚುರುಕಾಗಿ ಸದ್ದು ಸ್ಪೀಕರುಗಳಿಂದ ಬರುತ್ತಿತ್ತು, ಮತ್ತು ಅದು ತನ್ನ ಕೈಯಿಂದಲೇ ಬರುತ್ತಿದೆ ಎಂದು ನಂಬುವುದಕ್ಕೆ ಬಹಳ ಪ್ರಯತ್ನವೂ ಬೇಕಾಗಲಿಲ್ಲ. ಎರಡನೆಯ ಸಾಲಿನಲ್ಲಿ ಕಾರ್ಮೆಲ್ ಕೂತಿದ್ದಳು. ಅವಳ ಪಕ್ಕ ಶೆರಿಲ್, ಅವಳ ಪಕ್ಕ ಗೆಳತಿ ಟೀನಾ. ಶೆರಿಲ್ ಮೊಬೈಲನ್ನು ಎರಡು ಕೈಯಿಂದ ಎತ್ತಿ ಹಿಡಿದಿದ್ದಳು. ಆ ಮೊಬೈಲಿನ ಕಣ್ಣು ಗಾಯಕನನ್ನು ಬಿಟ್ಟು ಬಲಮೂಲೆಗೇ ತಿರುಗಿತ್ತು. ಅವನು ಗದ್ದವನ್ನು ಚೂರು ಮೇಲೆತ್ತಿದ. ಎತ್ತಿದ್ದು ತಿಳಿದು ನಾಚಿಕೆಯಾಯಿತು, ಆದರೂ ಇಳಿಸಲಿಲ್ಲ.

ಆಮೇಲೆ ಪಾಯಸ್ ಹಳೆಯ ಕಾಲದ ಹಾಡೊಂದನ್ನು ಹೇಳುವೆನೆಂದ, ದೋಣಿ ಕಾಯುವ ಹುಡುಗಿಯ ಹಾಡು. ಮೊದಲ ಎರಡು ಪೆಟ್ಟಿಗೇ ಲಿಗೋರಿ ಗುರುತು ಹಿಡಿದ. ಬೊಂಬಾಯಿಯಲ್ಲಿ ಆ ಹಾಡಿಗೆ ನುಡಿಸಿದವನು ಅವನೇ. ಸದ್ದು ಹೀರಲೆಂದು ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸಿದ್ದ ರೆಕಾರ್ಡಿಂಗ್ ಕೋಣೆ. ಗಾಳಿಯ ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದರು. ಬೆವರು ಕಣ್ಣಿಗಿಳಿದು ಅವನು ಎರಡನೆಯ ಚರಣಕ್ಕೆ ಅರ್ಧ ಮಾತ್ರೆ ತಡವಾಗಿ ಬಂದಿದ್ದ. ಪಿಟೀಲಿನವರು ನಿಲ್ಲಿಸಿ ಅವನತ್ತ ತಿರುಗಿ ನೋಡಿದರು. ಇನ್ನು ಮೊದಲಿಂದ ನುಡಿಸಬೇಕು, ಎಲ್ಲರ ಶಾಪ ತನಗೆ ಎಂದು ಅವನು ತಲೆ ತಗ್ಗಿಸಿದಾಗ ಸಂಗೀತ ನಿರ್ದೇಶಕ ಗಾಜಿನ ಆಚೆಯಿಂದ, ಆ ತಡ ಹಾಗೇ ಇರಲಿ, ಪ್ರತಿ ಚರಣಕ್ಕೂ ಹಾಗೇ ಬಾ ಎಂದಿದ್ದರು. ಬೇಕೆಂದೇ ತಪ್ಪುವುದು ತಪ್ಪದಿರುವುದಕ್ಕಿಂತ ಹೆದರಿಕೆಯ ಕೆಲಸ. ಪ್ರತಿ ಸಲವೂ ಎದೆ ಒಂದು ಗಳಿಗೆ ನಿಂತು ಹೊಡೆದುಕೊಳ್ಳುತ್ತಿತ್ತು. ಈಗ ಅದೇ ತಡ ಯಂತ್ರದಿಂದ ಬರುತ್ತಿತ್ತು, ಪ್ರತಿ ಚರಣಕ್ಕೂ ಒಂದೇ ಅಳತೆಗೆ, ಯಾವ ಹೆದರಿಕೆಯೂ ಇಲ್ಲದೆ. ಇದು ನನ್ನದು ಎಂದು ಯಾರಿಗೆ ಹೇಳುವುದು? ಅವನು ಆ ಜಾಗ ಬಂದಾಗೆಲ್ಲ ಕೈಯನ್ನು ಗಾಳಿಯಲ್ಲಿ ತಡೆದು, ಎದೆ ನಿಲ್ಲುತ್ತದೋ ಎಂದು ಕಾದ. ನಿಲ್ಲಲಿಲ್ಲ.

ಮೂರನೆಯ ಚರಣದ ನಡುವೆ ಸಂಗೀತ ತೊದಲಿತು. ಒಂದೇ ಚೂರು ಮತ್ತೆ ಮತ್ತೆ ಬಡಿದುಕೊಂಡು, ಪೂರ್ತಿ ನಿಂತುಹೋಯಿತು. ಪಾಯಸ್ ಎರಡು ಶಬ್ದ ಒಂಟಿಯಾಗಿ ಹಾಡಿ, ಬಾಯಿ ಮುಚ್ಚಿ, ಪಕ್ಕದ ಪರದೆಯ ಕಡೆ ಕೈ ಮಾಡಿದ. ಆ ಮೌನದಲ್ಲಿ ಲಿಗೋರಿಯ ಕೈಗಳು ನಿಲ್ಲಲಿಲ್ಲ. ಬೇಕೆಂದು ಮಾಡಿದನೆಂದು ಹೇಳಲು ಬರುವಂತಿರಲಿಲ್ಲ. ಇಷ್ಟು ಹೊತ್ತು ಚರ್ಮದಿಂದ ಕೂದಲೆಳೆಯಷ್ಟು ಮೇಲೆ ನಿಂತಿದ್ದವು ಈಗ ಕೆಳಗಿಳಿದವು, ಅಷ್ಟೇ. ಹಾಡು ಬಿದ್ದುಹೋಗದಂತೆ ಹಿಡಿಯುವುದು ಅವಕ್ಕೆ ಗೊತ್ತಿದ್ದ ಒಂದೇ ಕೆಲಸ. ಹೊರಟ ಸದ್ದು ತಾರಸಿಯ ಮೇಲೆ ಹಾಸಿಗೆ ಬಡಿದಂತೆ ಇತ್ತು. ದಪ್, ದಪ್. ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಇನ್ನೂ ಜೋರಾಗಿ ಹೊಡೆದ. ಬೆರಳಿನ ಬುಡದ ನೋವು ಭುಜಕ್ಕೆ ಹತ್ತಿತು. ದಪ್. ಆಗ ಟವೆಲುಗಳು ನೆನಪಾದವು. ಎಳೆದು ತೆಗೆಯಬೇಕಾದರೆ ಅಷ್ಟು ಜನರ ಮುಂದೆ ಕಾಂಗೊವನ್ನು ಅಡ್ಡ ಮಲಗಿಸಬೇಕು. ಹಿಂದಿನ ಸಾಲುಗಳಿಂದ ಯಾರೋ, “ಅಂಕಲ್, ಕರೆಂಟ್ ಹೋಯ್ತಾ?” ಎಂದರು. ಸಭೆ ನಕ್ಕಿತು. ಪಾಯಸ್ ಪಳಗಿದವನು. ಮೈಕನ್ನು ಬಾಯಿಗೆ ಹತ್ತಿರ ತಂದು, “ನಮ್ಮ ಅಂಕಲ್‌ದು ಬ್ಯಾಟರಿ ಮುಗೀತು ಕಾಣ್ತದೆ” ಎಂದ. ನಗು ಇನ್ನೊಂದು ಅಲೆಯಾಗಿ ಎದ್ದಿತು. ಲಿಗೋರಿಯೂ ನಕ್ಕ. ಕೈಗಳನ್ನು ಎತ್ತಿ, ಅಂಗೈ ತೋರಿಸಿ, ಜಾದೂಗಾರನಂತೆ ತಲೆಬಾಗಿಸಿದ. ಹಾಗೆ ತಲೆಬಾಗಿಸಿದ್ದನ್ನು ಮುಂದೆ ಬಹಳ ದಿನ ಅವನು ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ನೆನೆದು ಕಣ್ಣು ಮುಚ್ಚಿಕೊಳ್ಳುವವನಿದ್ದ. ಟೀನಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಶೆರಿಲ್ ಮೊಬೈಲನ್ನು ಮಡಿಲಿಗೆ ಇಳಿಸಿದ್ದಳು.

ನಗು ಮುಗಿಯುತ್ತಲೇ ಸಂಗೀತ ಮತ್ತೆ ಹೊರಟಿತು. ಹಾಡುಗಳು ಇನ್ನೂ ಬೇಕಾದಷ್ಟಿದ್ದವು. ಎದ್ದುಹೋಗುವಂತಿಲ್ಲ, ಸುಮ್ಮನೆ ಕೈಕಟ್ಟಿ ಕೂರುವಂತೆಯೂ ಇಲ್ಲ. ಎಲ್ಲರಿಗೂ ಗೊತ್ತಾದ ಮೇಲೆ, ಎಲ್ಲರಿಗೂ ಗೊತ್ತಿದೆ ಎಂದು ಅವನಿಗೂ ಗೊತ್ತಿರುವಾಗ, ಕೊನೆಯ ಹಾಡಿನವರೆಗೆ ಅವನು ಗಾಳಿಯನ್ನು ತಟ್ಟುತ್ತ ಕೂತ.

ಮುಗಿದ ಮೇಲೆ ಹಸೈನಾರ್ ತಾನೇ ಬಂದು ಟವೆಲುಗಳನ್ನು ಹೊರಗೆಳೆದು, ಮನೆಯ ಬಟ್ಟೆಯನ್ನು ಮಡಚುವಂತೆ ನೀಟಾಗಿ ಮಡಚಿದ. “ಎರಡು ಮೈಕು ಇಟ್ಟಿದ್ರೆ ಆಗ್ತಿತ್ತು ಪೊರ್ಬುಗಳೇ. ನನ್ನ ಹತ್ರ ಇತ್ತು.” ಲಿಗೋರಿ, “ನಿಮ್ಮದೆಂತ ತಪ್ಪು” ಎಂದ. ಜೆರೋಮ್ ಓಡಿಬಂದು ಹೆಗಲಿಗೆ ಶಾಲು ಹೊದೆಸಿ, “ಸೂಪರ್ ಅಂಕಲ್, ಟೈಮಿಗೆ ಸರಿಯಾಗಿ ಕಾಮಿಡಿ ಮಾಡಿ ಬಚಾವ್ ಮಾಡಿದ್ರಿ” ಎಂದ. ಹುಡುಗ ನಿಜವಾಗಿಯೇ ಹಾಗೆ ನಂಬಿದ್ದ.

ಹಿಂದಿರುಗುವಾಗ ಕಾರಿನಲ್ಲಿ ಟೀನಾಳೂ ಇದ್ದಳು. ಒಂದು ಕಾಂಗೊ ಡಿಕ್ಕಿಯಲ್ಲಿ, ಇನ್ನೊಂದು ಹಿಂದಿನ ಸೀಟಿನಲ್ಲಿ ಹುಡುಗಿಯರ ನಡುವೆ, ಮೂರನೆಯ ಪ್ರಯಾಣಿಕನಂತೆ. ಟೀನಾ ಅವಳ ಕಟ್ಟಡದ ಮುಂದೆ ಇಳಿದು, “ಥ್ಯಾಂಕ್ಯೂ ಅಂಕಲ್, ಇಟ್ ವಾಸ್ ನೈಸ್” ಎಂದಳು. ಕಾರು ಸಿಕ್ಸ್ತ್ ರಿಂಗ್ ರೋಡು ಹತ್ತಿತು. ಸಂಜೆಯ ಬಾಂಗು ಎಲ್ಲ ದಿಕ್ಕಿನಿಂದಲೂ ಧೂಳಿನೊಳಗಿಂದ ಬರುತ್ತಿತ್ತು. ಕಾರ್ಮೆಲ್ ಪಕ್ಕದ ಸೀಟಿನಲ್ಲಿ ತಲೆಯನ್ನು ಗಾಜಿಗೆ ಆನಿಸಿ ಕಣ್ಣು ಮುಚ್ಚಿದ್ದಳು. ಬೆಳಗಿನಿಂದ ಅವಳು ಮಲಗಿದ್ದು ಎಷ್ಟು ಹೊತ್ತೋ.

“ಡ್ಯಾಡಾ,” ಎಂದಳು ಶೆರಿಲ್. ಮನೆಯಲ್ಲಿ ಅವರು ಕೊಂಕಣಿಯಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಈಗ ಕೊಂಕಣಿಯಲ್ಲೇ, ತಡವರಿಸುತ್ತ ಕೇಳಿದಳು: “ನೀವು ಯಾವತ್ತಾದ್ರೂ ನಿಜವಾಗಿ ನುಡಿಸಿದ್ದು ಉಂಟಾ?”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಉಂಟು ಎಂದರೆ ಮುಗಿಯಿತು, ಆದರೆ ಇಷ್ಟು ದಿನ ಅವಳಿಗೆ ಅವನು ಹೇಳಿದ್ದೂ ಅದನ್ನೇ ಅಲ್ಲವೇ. ದೋಣಿ ಹುಡುಗಿಯ ಹಾಡಿನ ಅರ್ಧ ಮಾತ್ರೆಯ ತಡ ನನ್ನದು ಎನ್ನಬಹುದು. ಯಂತ್ರದಿಂದ ಬಂದದ್ದನ್ನು ಅಪ್ಪ ತನ್ನದೆನ್ನುತ್ತಾನೆ ಎಂದುಕೊಂಡಾಳು. ಅವನು ಸ್ಟೇರಿಂಗಿನ ಮೇಲೆ ಕೈ ಸರಿಸುತ್ತ ಶಬ್ದ ಹುಡುಕುತ್ತಿದ್ದಾಗ, ನಿದ್ದೆಹೋಗಿದ್ದಾಳೆ ಎಂದುಕೊಂಡಿದ್ದ ಕಾರ್ಮೆಲ್ ಕಣ್ಣು ತೆರೆಯದೆಯೇ ಮಾತಾಡಿದಳು.

“ನಾನು ನೋಡಿದ್ದೇನೆ.”

ಶೆರಿಲ್ ಮುಂದೆ ಬಾಗಿದಳು.

“ಯುದ್ಧ ಮುಗಿದ ಮೇಲೆ, ಹೋಟೆಲಲ್ಲಿ ಕ್ರಿಸ್ಮಸ್ ಡ್ಯಾನ್ಸ್ ಇತ್ತು,” ಎಂದಳು ಕಾರ್ಮೆಲ್. “ನನಗೆ ಮನಸ್ಸಿರ್ಲಿಲ್ಲ. ವಾರ್ಡಿನ ಹುಡುಗಿಯರು ಎಳ್ಕೊಂಡು ಹೋದ್ರು. ಯುದ್ಧದ ಟೈಮಲ್ಲಿ ನಾನು ಇಲ್ಲೇ ಇದ್ದೆ ಅಲ್ವಾ, ಆಸ್ಪತ್ರೆಯಲ್ಲೇ. ಮತ್ತೆ ತುಂಬಾ ಸಮಯ ನನಗೆ ಸೌಂಡು ಅಂದ್ರೆ ಆಗ್ತಿರ್ಲಿಲ್ಲ. ಬಾಗಿಲು ಬಡಿದ್ರೂ ಕೂತ್ಬಿಡ್ತಿದ್ದೆ. ಅವತ್ತು ಹಾಡಿನ ನಡುವಲ್ಲಿ ಎಲ್ಲರೂ ನಿಲ್ಲಿಸಿದ್ರು, ನಿನ್ನ ಡ್ಯಾಡಾ ಒಬ್ಬರೇ ನುಡಿಸಿದ್ದು. ನಡುವಲ್ಲಿ ಎತ್ತರದಲ್ಲಿ ಕೂತು, ಬಿಳಿ ಶರ್ಟು, ಎರಡು ಕೋಲು ಹಿಡ್ಕೊಂಡು. ಬಾಂಬಿನ ಹಾಗೆ ಸೌಂಡು. ನಾನು ಕೂತ್ಕೊಳ್ಲಿಲ್ಲ. ನಿಂತುಕೊಂಡೇ ಪೂರ್ತಿ ಕೇಳಿದೆ. ಅಲ್ಲಿಗೆ ನನ್ನ ಹೆದರಿಕೆ ಬಿಟ್ಟುಹೋಯ್ತು.” ತಲೆಯನ್ನು ಗಾಜಿನಿಂದ ಎತ್ತದೆಯೇ ಹೇಳಿದಳು, “ಮತ್ತೆ ಸಂಬಂಧ ಕೇಳಿ ಬಂದಾಗ, ಆ ಬ್ಯಾಂಡಿನ ಹುಡುಗ ಅಂತ ಗೊತ್ತಾಗಿ ನಾನು ಬೇರೆ ಎಂತ ಕೇಳ್ಲೇ ಇಲ್ಲ.”

ಇಷ್ಟು ವರ್ಷಗಳಲ್ಲಿ ಅವಳು ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಲಿಗೋರಿ ಮುಂದಿನ ಲಾರಿಯ ಕೆಂಪು ದೀಪಗಳನ್ನು ನೋಡುತ್ತ ಕಾರು ಓಡಿಸಿದ. ಜೀವಮಾನದಲ್ಲಿ ಅವನು ಕೋಲು ಹಿಡಿದು ನುಡಿಸಿದವನಲ್ಲ, ಅವನದು ಬರಿಗೈ. ನಡುವಲ್ಲಿ ಎತ್ತರದಲ್ಲಿ ಬಿಳಿ ಅಂಗಿ ತೊಟ್ಟು ಕೂತಿದ್ದವನು ಮಾವ್ರಿಸ್, ಬ್ಯಾಂಡಿನ ಡ್ರಮ್ಮರ್, ಆಮೇಲೆ ಕೆನಡಾಕ್ಕೆ ಹೋದವನು. ಆ ಕ್ರಿಸ್ಮಸ್ಸಿನಲ್ಲಿ ಸೋಲೊ, ಒಬ್ಬನೇ ನುಡಿಸುವ ಆ ಭಾಗ, ನುಡಿಸಿದ್ದು ಅವನು. ಅಷ್ಟು ಹೊತ್ತೂ ಲಿಗೋರಿ ಬಲಮೂಲೆಯಲ್ಲಿ, ಅರೆಬೆಳಕಿನಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕಾರ್ಮೆಲ್ ಅವನನ್ನು ನೋಡಿಯೇ ಇರಲಿಲ್ಲ.

“ರಿಯಲಿ, ಡ್ಯಾಡಾ?” ಎಂದಳು ಶೆರಿಲ್. ಅವಳ ದನಿ ಬದಲಾಗಿತ್ತು.

ಅವನು ಕಾರ್ಮೆಲಳ ಕಡೆ ನೋಡಿದ. ಅವಳ ಕಣ್ಣು ಇನ್ನೂ ಮುಚ್ಚಿತ್ತು. ದಣಿದ ಮುಖದಲ್ಲಿ, ತುಟಿಯ ಒಂದು ಬದಿಗೆ, ಅವನು ಮರೆತೇಬಿಟ್ಟಿದ್ದ ಒಂದು ನಗು ಇತ್ತು.

“ಹೌದು,” ಎಂದ.

“ಎಂತ ನುಡಿಸಿದ್ದು? ನೆನಪುಂಟಾ?”

ನೆನಪಿತ್ತು. ಆ ಸಭೆಯಲ್ಲಿ ಬೇರೆ ಯಾರೂ ಕೇಳಿರಲಾರದಷ್ಟು ಗಮನವಿಟ್ಟು ಅವನು ಅದನ್ನು ಕೇಳಿದ್ದ. “ಮೊದಲು ಮೆಲ್ಲಗೆ,” ಎಂದ. “ಡ್ರಮ್ಮಿನ ಅಂಚಿಗೆ ಮಾತ್ರ, ಮಳೆ ಶುರುವಾಗುವಾಗ ತಗಡಿಗೆ ಬೀಳ್ತದಲ್ಲ ಹಾಗೆ. ಜನ ಮಾತಾಡ್ತಾ ಇದ್ರು. ಅವರು ಮಾತು ನಿಲ್ಲಿಸುವವರೆಗೆ ನಾನು ಸೌಂಡು ಜಾಸ್ತಿ ಮಾಡ್ಲಿಲ್ಲ. ಮತ್ತೆ ಕಾಲಿನ ದೊಡ್ಡ ಡ್ರಮ್ಮು, ಒಂದೇ ಒಂದು ಸಲ. ಮತ್ತೆ ಖಾಲಿ ಬಿಟ್ಟೆ. ಎಷ್ಟು ಹೊತ್ತು ಬಿಟ್ಟೆ ಅಂದ್ರೆ, ಮರ್ತುಹೋಯ್ತು ಅಂತ ಎಲ್ಲರೂ ನನ್ನ ಮುಖ ನೋಡಿದ್ರು.”

“ಆಮೇಲೆ?”

ಫರ್ವಾನಿಯಾ ಬಂದಿತ್ತು. ಅವರ ಕಟ್ಟಡದ ಎದುರೇ ಕಾರು ನಿಲ್ಲಿಸಲು ಜಾಗ ಖಾಲಿಯಿತ್ತು, ಶುಕ್ರವಾರದ ಸಂಜೆ ಎಂದೂ ಸಿಗದ ಜಾಗ. ಲಿಗೋರಿ ಅದನ್ನು ದಾಟಿ ಮುಂದಿನ ಬೀದಿಗೆ ಕಾರು ತಿರುಗಿಸಿದ. ಸೋಲೊ ಇನ್ನೂ ಮುಗಿದಿರಲಿಲ್ಲ.